ಬೆತ್ತದ ಕತ್ತಿಯ ಮೊನೆ

ನಮ್ಮಮ್ಮನ ಕೈ ದಾಟಿ ಒಂದು ಕತ್ತಿ ಮೈದಾನಕ್ಕೆ ಇಳಿಯುವುದೆಂದರೆ ಸುಮ್ಮನೆ ಮಾತಲ್ಲ. ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಖಾಲಿ ಜಾಗದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಹಳೆಯ ಕಾಲದ ಸೈನಿಕರಂತೆ ಕಬ್ಬಿಣದ ಟೋಪಿ, ಎದೆಗವಚ ತೊಟ್ಟು ಬೆತ್ತದ ಕತ್ತಿಗಳಲ್ಲಿ ಹೊಡೆದಾಡುತ್ತೇವೆ. ವಾಕಿಂಗ್ ಬರುವವರು ನಮ್ಮನ್ನು ನಾಟಕದವರು ಅಂದುಕೊಂಡಿದ್ದಾರೆ. ನಾಟಕವಲ್ಲ, ಏಟು ನಿಜವಾದದ್ದೇ. ಅದಕ್ಕೇ ನಿಯಮಗಳಿವೆ. ಆ ನಿಯಮಗಳ ಕಾವಲಿಗೆ ಬಸವರಾಜೇಶ್ವರಿ ಎಂಬ ನನ್ನ ತಾಯಿ ಇದ್ದಾಳೆ.

ಅಮ್ಮ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಇನ್ನು ಆರಾಮಾಗಿರಿ ಮೇಡಂ’ ಅಂದರಂತೆ. ಆ ಶಾಲನ್ನು ಅವಳು ಇವತ್ತಿಗೂ ಹೊದ್ದಿಲ್ಲ. ಆಮೇಲಿನ ದಿನಗಳಲ್ಲಿ ಬಸವೇಶ್ವರನಗರದ ನಮ್ಮ ಮನೆಯ ಸೋಫಾದಲ್ಲಿ ಅವಳು ಟಿವಿ ನೋಡುತ್ತಾ ಕುಳಿತಿರುವುದನ್ನು ಕಂಡರೆ ನನಗೆ ಭಯವಾಗುತ್ತಿತ್ತು. ಟಿವಿ ಎಷ್ಟೋ ಸಲ ಆಫ್ ಆಗಿರುತ್ತಿತ್ತು.

ಅವಳನ್ನು ಎಬ್ಬಿಸಿದ್ದು ಬೆತ್ತ. ನಾನು ಅಡುಗೆಮನೆಯ ಗ್ಯಾಸ್ ಉರಿಯ ಮೇಲೆ ಡೊಂಕು ಬೆತ್ತವನ್ನು ತಿರುಗಿಸಿ ತಿರುಗಿಸಿ ಕಾಯಿಸಿ ನೆಟ್ಟಗೆ ಮಾಡುತ್ತಿದ್ದೆ. ಅಮ್ಮ ಮೂಗು ಮುಚ್ಚಿಕೊಂಡು ಬಂದವಳು ಬೈಯುತ್ತಾ ಬೈಯುತ್ತಾ ನಿಂತು ನೋಡಿದಳು. ಮೇಲಿನ ಸಿಪ್ಪೆ ಯಾಕೆ ಹೆರೆಯಬಾರದು, ಒಂದೂಕಾಲು ಇಂಚಿಗಿಂತ ದಪ್ಪ ಕಡಿಮೆ ಯಾಕಿರಬಾರದು, ಉದ್ದಕ್ಕೂ ಮೊದಲು ನೂಲಿನ ಟೇಪು ಆಮೇಲೆ ಬಟ್ಟೆ ಟೇಪು ಯಾಕೆ ಎಂದೆಲ್ಲ ಕೇಳಿದಳು. ಬೆತ್ತ ಒಳಗೇ ಸೀಳಿದರೂ ಸಿಬಿರು ಆಚೆ ಬರಬಾರದು, ಅದಕ್ಕೆ ಅಂದೆ. ಚುಚ್ಚುವ ಕತ್ತಿಯಾದರೆ ತುದಿಗೆ ಮೆತ್ತನೆಯ ಫೋಮ್ ಮೊನೆ ಕೂರಿಸಬೇಕು, ಒತ್ತಿದರೆ ಅದು ಕುಗ್ಗಬೇಕು ಎಂದೂ ಹೇಳಿದೆ.

"ಅಂದ್ರೆ ಲೈನಿಂಗ್ ಥರ ಅನ್ನು," ಅಂದಳು. ಅಲ್ಲಿಗೆ ಮುಗಿಯಿತು. ಮರು ಭಾನುವಾರದಿಂದ ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲ್ಲರ ಆಯುಧ ಪರೀಕ್ಷೆ ಮಾಡುವವಳು ಅವಳೇ. ಅಂಗೈಯಿಂದ ಸವರುತ್ತಾಳೆ, ನೆಲಕ್ಕೆ ಕುಟ್ಟಿ ಸದ್ದು ಕೇಳುತ್ತಾಳೆ. ಸದ್ದು ಟಣ್ಣೆನ್ನದೆ ಮಂಕಾಗಿದ್ದರೆ ಹೊಲಿಗೆಯ ಕತ್ತರಿಯಿಂದ ಟೇಪನ್ನು ಉದ್ದಕ್ಕೂ ಸೀಳಿಬಿಡುತ್ತಾಳೆ. ಯಾರೂ ತುಟಿ ಬಿಚ್ಚುವಂತಿಲ್ಲ. ಹಳೆಯ ಹೊಲಿಗೆ ಕ್ಲಾಸಿನ ಹುಡುಗಿಯರ ಮೇಲೆ ನನಗೆ ಕನಿಕರ ಹುಟ್ಟಿದ್ದು ಆಗಲೇ.

ಇಂಥ ಅಮ್ಮ ಆಯುಧಪೂಜೆ ಬಂದರೆ ಬಿಟ್ಟಾಳೆಯೇ? ಆಟದ ಕತ್ತಿಗಳಿಗೆಲ್ಲ ಪೂಜೆ ಯಾಕಮ್ಮ ಅಂದರೆ, "ಕೈ ಮೈ ಕಾಪಾಡೋ ಸಾಮಾನಿಗೆ ಮಾಡ್ದೆ ನಿನ್ನ ಸ್ಕೂಟರ್‌ಗೊಂದೇ ಮಾಡ್ಬೇಕೇನೇ?" ಅಂದಳು. ನಮ್ಮ ಮನೆಯಲ್ಲಿದ್ದ ಕತ್ತಿಗಳಿಗೆಲ್ಲ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದಳು. ಎಲ್ಲರೂ ಹೂವನ್ನು ಹಿಡಿಗೆ ಕಟ್ಟುತ್ತಾರೆ. ಅಮ್ಮನಿಗೆ ಅದು ಒಪ್ಪಿಗೆಯಿಲ್ಲ. ಆಯುಧದ ಮುಖ ಅದರ ಮೊನೆ, ಮುಖ ಬೋಳಾಗಿರಬಾರದು ಅಂತ ಮೊನೆಗೇ ಹೂವು ಇಟ್ಟಳು. ಮರುದಿನ ಬಾಡಿದ ಹೂವನ್ನೆಲ್ಲ ತೆಗೆದು ತುಳಸಿ ಗಿಡದ ಬುಡಕ್ಕೆ ಹಾಕಿದವಳೂ ಅವಳೇ.

ಅದಾದ ಮೊದಲ ಭಾನುವಾರ ನಾನು ರೇವಂತನ ಮುಖಕ್ಕೆ ಚುಚ್ಚಿದೆ. ರೇವಂತ್ ನಮ್ಮ ಗುಂಪಿನ ಅತಿ ಮಾತಿನ ಹುಡುಗ, ಮಲ್ಲತ್ತಹಳ್ಳಿಯವನೇ. ನಿಯಮದ ಪ್ರಕಾರವೇ ಚುಚ್ಚಿದ್ದು. ಟೋಪಿಯ ಮುಂದಿನ ಸರಳುಗಳಿಗೆ ಮೊನೆ ಒತ್ತಿತು, ಅವನೂ ‘ಬಿತ್ತು’ ಎಂದು ಕೂಗಿ ಏಟನ್ನು ಒಪ್ಪಿಕೊಂಡ. ಆಮೇಲೆ ಟೋಪಿ ತೆಗೆದ. ಕೆನ್ನೆಯಿಂದ ಮೇಲಕ್ಕೆ ಗೀರಿಕೊಂಡು ಹೋದ ಗಾಯ ಕಣ್ಣಿನ ಕೆಳರೆಪ್ಪೆಯ ಹತ್ತಿರ ನಿಂತಿತ್ತು. ಗಡ್ಡದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೇನೂ ಆಗಿಲ್ಲ, ಕೂದಲೆಳೆಯಲ್ಲಿ ತಪ್ಪಿದೆ ಅಂದರು.

ಗೀರಿದ್ದು ಏನು? ಮೈದಾನದಲ್ಲೇ ಟೋಪಿಯನ್ನು ತಿರುಗಿಸಿ ನೋಡಿದ್ದೆವು, ಒಳಗಡೆ ಒಂದು ಸರಳಿನ ಬೆಸುಗೆಯ ಹತ್ತಿರ ಒರಟು ಇತ್ತು. ಟೋಪಿ ಮಾಡಿದವನು ಮಹೇಶ್. ಕಾಮಾಕ್ಷಿಪಾಳ್ಯದಲ್ಲಿ ಅವರಪ್ಪನದು ಗೇಟು, ಗ್ರಿಲ್ಲು ಮಾಡುವ ಅಂಗಡಿ. ಆ ಕೆಲಸದ ಮಧ್ಯೆ ಅಪ್ಪನ ಬೈಗುಳ ತಿನ್ನುತ್ತಾ ಇವನು ನಮಗೆಲ್ಲ ಟೋಪಿ ಮಾಡಿಕೊಡುತ್ತಿದ್ದ. ಆ ಒರಟನ್ನು ಬೆರಳಿನಿಂದ ಮುಟ್ಟಿ ನೋಡಿದವನ ಮುಖ ಬಿಳಿಚಿಹೋಯಿತು. "ನಂದೇ ಮಗಾ. ನಾನೇ ಸರಿಯಾಗಿ ಉಜ್ಜಿಲ್ಲ," ಅಂದ. ಅಮ್ಮ ಕುರ್ಚಿಯಿಂದ ಎದ್ದು ಬಂದವಳು ಎಲ್ಲರೆದುರಿಗೆ ಅವನನ್ನು ಬೈದಳು. "ಕಣ್ಣು ಕಣೋ ಅದು! ನಿಮ್ಮಪ್ಪನ ಗೇಟಲ್ಲ!" ಅಂದಳು. ಅವನು ತಲೆ ತಗ್ಗಿಸಿ ತಾನು ಮಾಡಿದ ಟೋಪಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದ.

ಗಾಯವಾದರೆ ಆ ಆಯುಧವನ್ನೂ ಅವತ್ತೇ ಬಿಚ್ಚಿ ನೋಡಬೇಕೆನ್ನುವುದು ನಿಯಮ. ಸಾಯಂಕಾಲ ತಾರಸಿಯಲ್ಲಿ ಕುಳಿತು ನನ್ನ ಕತ್ತಿಯ ಮೊನೆ ಬಿಚ್ಚಿದೆ. ಹಳದಿ ಟೇಪು ಸುಲಿದು ಫೋಮ್ ಹಿಚುಕಿದಾಗ ಹೆಬ್ಬೆರಳಿಗೆ ಚುರ್ರೆಂದಿತು. ಒಳಗಿತ್ತು ಒಂದು ಗುಂಡುಸೂಜಿ. ಅದರ ತಲೆಗೆ ಸುತ್ತಿಕೊಂಡಿದ್ದ ಬಾಳೆನಾರಿನಲ್ಲಿ ಸೇವಂತಿಗೆಯ ಒಣಗಿದ ಎಸಳು. ಹೂವು ಕೀಳುವಾಗ ನಾರು ಹರಿದು ಸೂಜಿ ಟೇಪಿನೊಳಗೆ ಹುದುಗಿಕೊಂಡಿರಬೇಕು. ಫೋಮ್ ಕುಗ್ಗಿ ಸರಳುಗಳ ನಡುವೆ ಉಬ್ಬಿದಾಗ ಸೂಜಿಯ ಮೊನೆ ಆಚೆ ಬಂದಿದೆ. ಹೂವಿನ ದಂಡೆಯಿಂದ ಸೀರೆ ಸೆರಗಿನವರೆಗೆ ಎಲ್ಲಕ್ಕೂ ಗುಂಡುಸೂಜಿ ಚುಚ್ಚುವವಳು ನಮ್ಮ ಮನೆಯಲ್ಲಿ ಒಬ್ಬಳೇ. ಆ ಬೆಳಿಗ್ಗೆ ಆ ಕತ್ತಿಯನ್ನು ಸವರಿ ಪಾಸ್ ಮಾಡಿದವಳೂ ಅವಳೇ.

ಕೆಳಗೆ ಅಮ್ಮ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು, "ಇನ್ಮೇಲೆ ಟೋಪಿನೂ ನಾನೇ ಚೆಕ್ ಮಾಡ್ತೀನಿ ಬಿಡು." ಹೇಳಿದರೆ ಏನಾಗುತ್ತದೆ? ಯಾರೂ ಬೈಯುವುದಿಲ್ಲ. ಪಾಪ, ಆಂಟಿಗೆ ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅನ್ನುತ್ತಾರೆ. ಇನ್ನೊಂದು ಶಾಲು ಹೊದಿಸುತ್ತಾರೆ. ಮತ್ತೆ ಅದೇ ಸೋಫಾ. ನಾನು ಸೂಜಿಯನ್ನು ಸ್ಕೂಟರ್ ಕೀ ಇಡುವ ಪರ್ಸಿಗೆ ಹಾಕಿಕೊಂಡು, ಮೊನೆಗೆ ಹೊಸ ಫೋಮ್ ಕೂರಿಸಿದೆ.

ಮಹೇಶ ಗುಂಪಿಗೆ ವಾಟ್ಸಾಪಿನಲ್ಲಿ ಉದ್ದನೆಯ ಮೆಸೇಜ್ ಹಾಕಿದ, ಎಲ್ಲರ ಕ್ಷಮೆ ಕೇಳಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕದಿಯದವನು ಹೆಗಲು ಮುಟ್ಟಿಕೊಳ್ಳುತ್ತಿದ್ದ, ಕುಂಬಳಕಾಯಿ ನನ್ನ ಪರ್ಸಿನಲ್ಲಿತ್ತು. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಕೊನೆಗೆ ಎಲ್ಲರಂತೆ ಒಂದು ಕೈಮುಗಿಯುವ ಚಿತ್ರ ಹಾಕಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ. ಅವರಪ್ಪ ‘ಗೇಟು ಮಾಡ್ಕೊಂಡು ಬಿದ್ದಿರು’ ಅಂದರಂತೆ, ಅವನೂ ಎದುರಾಡಲಿಲ್ಲವಂತೆ. ನಾನು ಅವತ್ತು ಯಾರ ಜೊತೆಗೂ ಸರಿಯಾಗಿ ಹೊಡೆದಾಡಲಿಲ್ಲ.

ಅದರಾಚೆಯ ಭಾನುವಾರ ಬಂದ. ಟೋಪಿಗಳ ಗೋಣಿಚೀಲವನ್ನು ಅಮ್ಮನ ಕುರ್ಚಿಯ ಮುಂದಿಟ್ಟು, "ಎಲ್ಲಾ ಮತ್ತೆ ಉಜ್ಜಿದೀನಿ ಆಂಟಿ, ನೀವೊಂದ್ಸಲ ನೋಡ್ಬಿಡಿ. ಬೇಡ ಅಂದ್ರೆ ಗುಜರಿಗೆ ಹಾಕ್ತೀನಿ," ಅಂದ. ಅಮ್ಮ ಒಂದನ್ನು ಎತ್ತಿ ಒಳಗೆ ಕೈ ಆಡಿಸಿದಳು. ಕನ್ನಡಿಯಂತೆ ನಯವಾಗಿತ್ತು. ಆದರೂ ಅವಳ ಬಾಯಿ ಸುಮ್ಮನಿರಬೇಕಲ್ಲ.

"ಈಗ ಬಂತಲ್ಲ ಈ ನಯ? ಆವಾಗ್ಲೇ ಮಾಡಿದ್ರೆ ಆ ಹುಡುಗನ ಮುಖ ಹೀಗಾಗ್ತಿತ್ತಾ? ಕೆಲ್ಸ ಅಂದ್ಮೇಲೆ ಶ್ರದ್ಧೆ ಇರ್ಬೇಕು ಕಣೋ. ಇಲ್ದಿದ್ರೆ ಮುಟ್ಬಾರ್ದು!"

"ಹೌದು ಆಂಟಿ," ಅಂದ ಮಹೇಶ. ಕಣ್ಣು ತುಂಬಿಕೊಂಡಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಎಷ್ಟು ಹೊತ್ತು ನೋಡುತ್ತಾ ನಿಲ್ಲುವುದು? ನಾನು ಪರ್ಸ್ ತೆಗೆದು ಸೂಜಿಯನ್ನು ಅಂಗೈಯಲ್ಲಿಟ್ಟು ಎಲ್ಲರ ಮುಂದೆ ಹಿಡಿದೆ.

"ಟೋಪಿದಲ್ಲ. ನನ್ನ ಕತ್ತಿ ಮೊನೆಲಿ ಇದಿತ್ತು. ಇವತ್ತು ಬೆಳಿಗ್ಗೆ ಬಿಚ್ಚಿದಾಗ ಸಿಕ್ತು. ಪೂಜೆ ದಿನ ಹೂವಿಗೆ ಅಂತ ನಾನೇ ಚುಚ್ಚಿದ್ದೆ, ಮರೆತುಬಿಟ್ಟೆ."

ಅಷ್ಟು ಮಾತಿನಲ್ಲಿ ಮೊದಲಿನೆರಡು ಮಾತ್ರ ನಿಜ. ಆದರೂ ಗುಂಪು ಒಮ್ಮೆಲೇ ಉಸಿರುಬಿಟ್ಟಿತು. ರೇವಂತ್ ಗಾಯದ ಪಟ್ಟಿಯ ಕೆಳಗೆ ನಗುತ್ತಾ, "ಗುರು, ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸಂತೆ. ಗುಂಡುಪಿನ್ ತಪ್ಪಿಸ್ಕೊಂಡ್ರೆ ಎಷ್ಟು?" ಅಂದ. ಮಹೇಶ ನಗಲೂ ಇಲ್ಲ, ಕೋಪಿಸಿಕೊಳ್ಳಲೂ ಇಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಸಿಕ್ಕ ತಕ್ಷಣ ಎಲ್ಲರ ಮುಂದೆ ಹೇಳಿದ್ಯಲ್ಲ ವಚನಾ, ಥ್ಯಾಂಕ್ಸ್. ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಡ್ತಿದ್ರು," ಅಂದ. ನೆಲ ಬಿರಿಯಬಾರದೇ ಅನ್ನಿಸಿತು. ಅಮ್ಮ ಮಾತ್ರ ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಬಾಳೆನಾರು ಇನ್ನೂ ಸೂಜಿಯ ಕೊರಳಿನಲ್ಲಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಹೂವು ಮುಡಿಸಿದ್ದು ನೀನಾ?"

"ಬಿಡಮ್ಮ. ಆಯ್ತಲ್ಲ."

"ಏನು ಆಯ್ತು? ಆ ಮಗುನ ನಾನು ಎರಡು ಸಲ ಬೈದೆ. ಅದು ನಂದು ಅಂತ ಗೊತ್ತಾದ ಮೇಲೂ ಬಾಯಿ ಬಿಡಕ್ಕೆ ಆಗ್ಲಿಲ್ಲ ನಂಗೆ. ನೀನು ಹೇಳಾಗಿತ್ತು. ನಾನೇನಾದ್ರೂ ಅಂದ್ರೆ ನೀನು ಸುಳ್ಳಿ ಆಗ್ತೀಯ. ಕಲ್ಲಿನ ಥರ ಕೂರಿಸ್ಬಿಟ್ಟೆ ನನ್ನ. ಸ್ಕೂಲಿನವರು ಕೆಲ್ಸ ತಗೊಂಡ್ರು. ಹೋಗ್ಲಿ, ಅದಕ್ಕೆ ವಯಸ್ಸಿನ ಲೆಕ್ಕ ಇದೆ. ನೀನು ನನ್ನ ತಪ್ಪನ್ನೂ ತಗೊಂಡ್ಯಲ್ಲೇ. ಅಷ್ಟು ಕೈಲಾಗದವಳಾ ನಾನು?"

ಅವಳು ಊಟಕ್ಕೂ ಕೂರಲಿಲ್ಲ, ಸೀರೆ ಬದಲಾಯಿಸಿಕೊಂಡು, "ಆಟೋ ಕರಿ, ಕಾಮಾಕ್ಷಿಪಾಳ್ಯಕ್ಕೆ," ಅಂದಳು. ಇಬ್ಬರೂ ಆಟೋ ಹತ್ತಿದೆವು. ನಿಜ ಹೇಳುತ್ತೇನೆ, ಭಯದ ಜೊತೆಗೆ ನನಗೆ ಹೆಮ್ಮೆಯೂ ಆಗುತ್ತಿತ್ತು. ಇನ್ನೊಂದು ಶಾಲು ಬಂದರೂ ಇವಳು ಅದನ್ನು ಮಡಿಸಿ ಮೂಲೆಗೆ ಹಾಕುವವಳೇ ಅನ್ನಿಸಿತು. ಇವಳನ್ನು ಕಾಪಾಡಲು ನಾನ್ಯಾರು?

ಅರ್ಧ ಎಳೆದ ಶಟರಿನ ಕೆಳಗೆ ಮಹೇಶ ಒಬ್ಬನೇ ಒಂದು ಕಿಟಕಿ ಗ್ರಿಲ್ಲಿಗೆ ಬಣ್ಣ ಹಚ್ಚುತ್ತಿದ್ದ. ಅಮ್ಮ ಬಗ್ಗಿ ಒಳಗೆ ಹೋದವಳೇ ನಿಂತಲ್ಲೇ ಕೈ ಮುಗಿದಳು.

"ಸೂಜಿ ಚುಚ್ಚಿದ್ದು ನಾನಪ್ಪ. ಮರೆತಿದ್ದೂ ನಾನೇ. ಆವತ್ತು ಬೆಳಿಗ್ಗೆ ಪಾಸ್ ಮಾಡಿದ್ದೂ ನಾನೇ. ಇವಳು ನನಗೋಸ್ಕರ ಸುಳ್ಳು ಹೇಳಿದ್ಲು. ನಿನ್ನ ಅಷ್ಟು ಬೈದೆ, ತಪ್ಪಾಯ್ತು. ಇದನ್ನ ಮುಂದಿನ ವಾರ ಎಲ್ಲರ ಮುಂದೆನೂ ಹೇಳ್ತೀನಿ."

ಮಹೇಶ ಗಾಬರಿಯಾಗಿ ಬ್ರಷ್ ಕೆಳಗಿಟ್ಟ. "ಅಯ್ಯೋ ಆಂಟಿ, ಕೈ ಮುಗೀಬೇಡಿ. ಕೂತ್ಕೊಳ್ಳಿ." ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟ. "ಯಾರದಾದ್ರೇನು, ನನ್ನ ಟೋಪಿದಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ನಂಗೆ. ಟೀ ತರಿಸ್ತೀನಿ." ನನ್ನ ಕಡೆ ನೋಡಿ ನಕ್ಕ. ನಗುತ್ತಿದ್ದವನು ಏನೋ ಹೊಳೆದಂತೆ ನಿಂತ.

"ಒಂದ್ನಿಮಿಷ. ಗಾಯ ಆದ್ರೆ ಆಯುಧ ಅವತ್ತೇ ಬಿಚ್ಚಬೇಕು ತಾನೇ? ರೂಲ್ ಅದೇ ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಇವತ್ತು ಬೆಳಿಗ್ಗೆ ಸಿಕ್ತು ಅಂದೆ. ಆವತ್ತು ಬಿಚ್ಚಿರ್ಲಿಲ್ವಾ?"

ಇಲ್ಲ ಅನ್ನಬಹುದಿತ್ತು. ಸೋಮಾರಿತನ, ಮರೆವು ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಅಮ್ಮ ಸ್ಟೂಲಿನಿಂದ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಬಿಚ್ಚಿದ್ದೆ," ಅಂದೆ. "ಸಾಯಂಕಾಲನೇ ಸಿಕ್ತು."

ಮಹೇಶ ನಿಧಾನವಾಗಿ ಕೈಗೆ ಅಂಟಿದ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿಕೊಂಡ.

"ಆವತ್ತು ರಾತ್ರಿ ನಿಂಗೆ ಫೋನ್ ಮಾಡಿದ್ದೆ. ಅಳ್ತಾ ಇದ್ದೆ. ಅವನ ಕಣ್ಣು ಹೋಗಿದ್ರೆ ನಾನೇನು ಮಾಡ್ತಿದ್ದೆ ಅಂದೆ. ನೀನು, ‘ಆಗಿದ್ದಾಯ್ತು ಕಣೋ, ಮುಂದೆ ಹುಷಾರಾಗಿ ಕೆಲ್ಸ ಮಾಡು’ ಅಂದೆ. ಆವಾಗ ಅದು ನಿನ್ನ ಹತ್ರನೇ ಇತ್ತಾ?"

ಈ ಫೋನಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ. ಎಲ್ಲವನ್ನೂ ಅಮ್ಮನಿಗಾಗಿ ಮಾಡಿದೆ ಅಂದುಕೊಂಡರೂ ಆ ಮಾತು ಅಮ್ಮನಿಗಾಗಿ ಆಡಿದ್ದಲ್ಲ. ಅವನು ಬೇಗ ಅಳು ನಿಲ್ಲಿಸಿ ಫೋನ್ ಇಡಲಿ ಎಂದು ಆಡಿದ್ದು.

"ಇತ್ತು," ಅಂದೆ. "ತಪ್ಪಾಯ್ತು ಮಹೇಶ್."

ಅವನು ಬೈಯಲಿಲ್ಲ. ಕೆಳಗಿಟ್ಟಿದ್ದ ಬ್ರಷ್ ಎತ್ತಿಕೊಂಡು ಗ್ರಿಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. "ನೀನು ಹೋಗು ವಚನಾ. ಇವತ್ತು ನಿನ್ನ ಜೊತೆ ಮಾತಾಡಕ್ಕೆ ಆಗಲ್ಲ ನಂಗೆ," ಅಂದ.

ನಾನು ಶಟರಿನ ಕೆಳಗೆ ಬಗ್ಗಿ ಆಚೆ ಬಂದು, ಅಮ್ಮ ಹಿಂದೆಯೇ ಬರುತ್ತಾಳೆಂದು ರಸ್ತೆಯಲ್ಲಿ ಕಾದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಕೇಳಿಸಿತು. "ಇನ್ನೊಂದು ಬ್ರಷ್ ಇದ್ರೆ ಕೊಡಪ್ಪ," ಅನ್ನುತ್ತಿದ್ದಳು. ನಾನು ಒಬ್ಬಳೇ ಆಟೋ ಹತ್ತಿದೆ.