ಅಪ್ಪ ಎರಡು ಸಲ ಹೇಳುವುದಿಲ್ಲ

ಅಪ್ಪ ಸತ್ತು ಮೂರು ವರ್ಷವಾಗಿತ್ತು. ಆದರೂ ನಮ್ಮ ಮನೆಯ ಊಟಕ್ಕೆ ತಪ್ಪದೆ ಬರುತ್ತಿದ್ದ. ಕರೆತರುತ್ತಿದ್ದವನು ನಾನು. ಕುರಿಮಾಂಸದ ದೊಡ್ಡ ತಟ್ಟೆ ಅರ್ಧ ಖಾಲಿಯಾಗಿ, ಎಲ್ಲರ ಬೆರಳಿಗೂ ಕೊಬ್ಬು ಅಂಟಿದ ಹೊತ್ತಿಗೆ ಯಾರಾದರೂ "ಎಲ್ಲಿ, ಮುದುಕರನ್ನ ಸ್ವಲ್ಪ ಎಬ್ಬಿಸಪ್ಪ" ಅನ್ನುತ್ತಿದ್ದರು. ನಾನು ಗಂಟಲು ಕೆರೆದು, ಎಡಗಣ್ಣು ಕಿರಿದು ಮಾಡಿ, ಅಪ್ಪನ ದನಿಯಲ್ಲಿ "ಈ ಚಹಾಕ್ಕೆ ಹಾಲು ಹಾಕಿದ್ದೀರೋ, ಹಸುವಿನ ಫೋಟೋ ತೋರಿಸಿದ್ದೀರೋ?" ಅಂದರೆ ಸಾಕು, ಅಣ್ಣ ತಾಸ್‌ಬುಲಾತ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ.

ಬದುಕಿದ್ದಾಗ ಅಪ್ಪ ಲೆಕ್ಕದವನು. ಕುರಿಯ ಲೆಕ್ಕವಲ್ಲ, ಆಕಾಶದ್ದು. ಕೃತ್ತಿಕೆಯ ಪಕ್ಕಕ್ಕೆ ಚಂದ್ರ ಯಾವ ದಿನ ಬಂದ, ಎಷ್ಟು ದೂರ ನಿಂತ ಅಂತ ಕೋಲಿನ ಮೇಲೆ ಗೀರು ಹಾಕುತ್ತಿದ್ದ. ಶರತ್ಕಾಲದಲ್ಲಿ ಕಡಿದ ಮೊದಲ ಕುರಿಯ ಹೆಗಲಮೂಳೆಯನ್ನು ಬೆಳಕಿಗೆ ಹಿಡಿದು, ಬರುವ ಚಳಿಗಾಲ ಎಂಥದ್ದು ಅಂತ ಹೇಳುತ್ತಿದ್ದ. ಒಂದೇ ಸಲ. ಸರಿಯಾಗಿ ಕೇಳಿಸದೆ "ಏನಂದ್ರಿ?" ಅಂದವರಿಗೆ ಚಹಾ ಕೊಡುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ. ಲೆಕ್ಕದವನು ಎರಡನೆಯ ಸಲ ಬಾಯಿ ತೆರೆದರೆ ಮೊದಲು ಹೇಳಿದ್ದು ರದ್ದಾದ ಹಾಗೆ; ಅದು ಅವನ ಅಪ್ಪನಿಂದ ಬಂದ ಕಟ್ಟು. ಮನೆಯಲ್ಲೂ ಅದೇ ರೂಢಿ. ನಮ್ಮನ್ನು ಊಟಕ್ಕೂ ಒಂದೇ ಸಲ ಕರೆಯುತ್ತಿದ್ದ. ಕೇಳಿಸಿಕೊಳ್ಳದವರು ಉಪವಾಸ.

ಅಣ್ಣನ ಹೆಂಡತಿ ಉಲ್ಮೆಕೆನ್ ಕೂಡ ಲೆಕ್ಕದವಳೇ, ಆದರೆ ಸರ್ಕಾರದ್ದು. ಪೇಟೆಯ ಹವಾಮಾನ ಕಚೇರಿಯಲ್ಲಿ ಕೂತು ಮುಂದಿನ ಮೂರು ತಿಂಗಳು ಹೇಗೆ ಅಂತ ಬರೆಯುವುದು ಅವಳ ಕೆಲಸ. ಅದನ್ನು ಜಿಲ್ಲೆಯ ರೇಡಿಯೊದಲ್ಲಿ ಓದುವುದು ನನ್ನದು. ಹವಾಮಾನ ಓದಿ ಓದಿ ನನ್ನಲ್ಲಿ ಮಾನ ಹೋಗಿ ಹವಾ ಮಾತ್ರ ಉಳಿದಿದೆ ಅನ್ನುವುದು ಅತ್ತಿಗೆಯ ಅಭಿಪ್ರಾಯ. ಅವಳಿಗೊಂದು ತೊಡಕಿತ್ತು. ಅಪ್ಪನ ಹೆಸರು ಮುಖಿತ್. ನಮ್ಮ ಮಾತಿನಲ್ಲಿ ಸಾಗರ ಅಂತ. ಸೊಸೆಯಾದವಳು ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಅವನು ಸತ್ತ ಮೇಲೂ. ಕಚೇರಿಯಲ್ಲಿ ದಿನಕ್ಕೆ ನಲವತ್ತು ಸಲ ಬರೆಯುವ ಪದವನ್ನು ಅವಳು ಮನೆಯಲ್ಲಿ "ಆ ದೊಡ್ಡ ನೀರು" ಅನ್ನುತ್ತಿದ್ದಳು. ಮೈದುನನ ಹೆಸರೂ ಹೇಳುವಂತಿಲ್ಲವಾದ್ದರಿಂದ ನನಗೆ ಗಿಣಿರಾಯ ಅಂತ ಇಟ್ಟಿದ್ದಳು.

ಆ ವರ್ಷ ಅಕ್ಟೋಬರ್ ಮೊದಲ ವಾರ ಕೆಂಪುದಿಬ್ಬದ ಬಿಡಾರದಲ್ಲಿ ಅಣ್ಣ ಕುರಿ ಕಡಿದ. ಅವನ ಮುಂದಿದ್ದದ್ದು ಒಂದೇ ಪ್ರಶ್ನೆ. ಆರುನೂರು ಕುರಿಗಳನ್ನು ಕೆಂಪುದಿಬ್ಬದಲ್ಲೇ ಇಟ್ಟುಕೊಂಡು ಚಳಿ ಕಳೆಯುವುದೋ, ಆರು ದಿನ ನಡೆಸಿಕೊಂಡು ಹೊಳೆಯ ಜೊಂಡಿನ ಮರೆಗೆ ಹೋಗುವುದೋ? ಅಲ್ಲಿ ಗಾಳಿ ತಾಗುವುದಿಲ್ಲ, ಹುಲ್ಲು ಮುಚ್ಚಿಹೋದರೂ ಜೊಂಡನ್ನೇ ತಿಂದು ಜೀವ ಹಿಡಿಯುತ್ತವೆ. ಆದರೆ ಬೇಸಿಗೆ ಒಣಗಿಹೋಗಿತ್ತು. ಯಾವ ಕುರಿಯ ಬೆನ್ನು ಸವರಿದರೂ ಮೂಳೆ ಕೈಗೆ ಸಿಗುತ್ತಿತ್ತು. ಹೊರಟರೆ ಐವತ್ತಾದರೂ ದಾರಿಯಲ್ಲೇ ಬೀಳುತ್ತವೆ.

"ಹೋಗಿ ಅಂತೀನಿ," ಅಂದಳು ಅತ್ತಿಗೆ, ಬೇಯಿಸಿದ ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಹರಡುತ್ತ. "ಆ ದೊಡ್ಡ ನೀರಿನ ಹೊಟ್ಟೆ ಜೂನ್‌ನಿಂದ ತಣ್ಣಗಾಗ್ತಾ ಇದೆ. ಬಿಸಿಯೆಲ್ಲ ಪಶ್ಚಿಮಕ್ಕೆ ಸರಿದಿದೆ. ಅಂಥ ವರ್ಷ ನಮ್ಮ ಕಡೆ ಬೇಸಿಗೆ ಒಣಗತ್ತೆ, ಚಳಿಗಾಲ ಕಚ್ಚತ್ತೆ. ಬೇಸಿಗೆ ನೋಡಿದ್ರಲ್ಲ."

"ಎಷ್ಟು ಗಟ್ಟಿ ನಿನ್ನ ಮಾತು?"

"ಮೂರರಲ್ಲಿ ಎರಡು ಪಾಲು."

"ಕೇಳಿದ್ಯೇನೋ," ಅಣ್ಣ ನನ್ನ ಕಡೆ ತಿರುಗಿದ. "ಕುರಿ ಮೂರರಲ್ಲಿ ಎರಡು ಪಾಲು ಸಾಯತ್ತಂತೆ. ಉಳಿಯೋ ಪಾಲು ತಲೆ ಕಡೇದೋ ಬಾಲದ ಕಡೇದೋ, ಆಫೀಸಮ್ಮನ್ನ ಕೇಳು."

"ಕುರಿ ಸಾಯೋ ಲೆಕ್ಕ ಅಲ್ಲ ಯಜಮಾನ್ರೇ. ಚಳಿಗಾಲ ಕೆಟ್ಟದಾಗೋ ಸಾಧ್ಯತೆ."

"ಅಂದ್ರೆ ಮೂರನೇ ಪಾಲಿಗೆ ಒಳ್ಳೇದೂ ಆಗಬಹುದು. ಆ ನೀರು ಎಲ್ಲಿದೆ? ತಿಂಗಳ ದಾರಿ. ಅಲ್ಲಿ ನೀರು ತಣ್ಣಗಾದ್ರೆ ಇಲ್ಲಿ ನನ್ನ ಕುರಿಗೆ ನೆಗಡಿ. ಇದು ಮುನ್ಸೂಚನೆ ಅಲ್ಲ ಕಣೇ, ಮುನಿಸೂಚನೆ. ಮದುವೆಯಾದಾಗಿಂದ ಕೇಳ್ತಾ ಇದೀನಿ."

ಅತ್ತಿಗೆಯೂ ನಕ್ಕಳು. ಆಗ ಅಣ್ಣ ತಟ್ಟೆಯಿಂದ ಹೆಗಲಮೂಳೆ ಎತ್ತಿ, ಮಾಂಸವನ್ನೆಲ್ಲ ಚೊಕ್ಕಟವಾಗಿ ಬಿಡಿಸಿ, ನನ್ನ ಕೈಗಿಟ್ಟ.

"ಅಪ್ಪನ್ನೇ ಕೇಳೋಣ."

ನಾನು ಯೋಚಿಸಲಿಲ್ಲ. ನಗು ಇನ್ನೂ ಕೋಣೆಯಲ್ಲಿತ್ತು, ಅದು ಆರುವ ಮುಂಚೆ ಇನ್ನೊಂದು ಹೊತ್ತಿಸಬೇಕು ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಮೂಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಂಟಲು ಕೆರೆದೆ.

"ಹ್ಞೂಂ. ಈ ಸಲದ ಚಳಿ ಹೊಸ ಸೊಸೆ ಇದ್ದ ಹಾಗೆ. ಬಾಗಿಲಲ್ಲಿ ನಿಂತು ಇಣುಕಿ ಹೋಗ್ತಾಳೆ. ಎಲ್ಲಿದ್ದೀರೋ ಅಲ್ಲೇ ಇರಿ."

ಯಾರೂ ನಗಲಿಲ್ಲ. ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಕೊನೆಯ ಮಾತು ಮುಗಿಯುವಾಗ ನಾಲಿಗೆ ನನ್ನದಲ್ಲದ ಹಾಗೆ ದಪ್ಪಗಿತ್ತು. ಅಣ್ಣ ನನ್ನ ಕೈಯಿಂದ ಮೂಳೆ ತೆಗೆದುಕೊಂಡು, ಅಪ್ಪ ಮಾಡುತ್ತಿದ್ದಂತೆಯೇ ಬಟ್ಟೆಯಲ್ಲಿ ಸುತ್ತಿ ತೊಲೆಯ ಸಂದಿಗೆ ಸಿಕ್ಕಿಸಿದ.

"ಸರಿ. ಇಲ್ಲೇ ಇರೋಣ."

"ಅಣ್ಣಾ, ಅದು ತಮಾಷೆಗೆ."

"ತಮಾಷೆ ಮಾಡಿದ್ದು ನೀನು," ಅಂದ ಅಣ್ಣ. "ಅಪ್ಪ ಮಾಡಲಿಲ್ಲ."

ಹತ್ತು ದಿನ ಕಳೆದು ಅತ್ತಿಗೆ ರೇಡಿಯೊ ಕಚೇರಿಗೆ ಬಂದಳು. ಓದಬೇಕಾದ ಹಾಳೆ ಕೊಟ್ಟಳು, ಆದರೆ ಹೋಗಲಿಲ್ಲ. ಅವಳ ತುಟಿ ಒಣಗಿತ್ತು.

"ಗಿಣಿರಾಯ, ಇನ್ನೂ ದಾರಿ ತೆರೆದಿದೆ. ಈ ವಾರ ಹೊರಟರೂ ಜೊಂಡು ಸೇರಬಹುದು. ನನ್ನ ಮಾತು ನಿಮ್ಮಣ್ಣ ಕೇಳಲ್ಲ. ನೀನೇ ಹೋಗು. ಅವರ ಬಾಯಲ್ಲೇ ಹೇಳಿಸು."

"ಯಾರ ಬಾಯಲ್ಲಿ?" ನನಗೆ ಗೊತ್ತಿತ್ತು, ಸುಮ್ಮನೆ ಕೇಳಿದೆ.

"ಆ ದೊಡ್ಡವರ ಬಾಯಲ್ಲಿ. ಪಾಪ ಬಂದ್ರೆ ನನಗಿರಲಿ."

ಹೋದೆ. ಒಲೆಯ ಪಕ್ಕ ಕೂತು, ಮೊದಲು ಅದೂ ಇದೂ ಮಾತಾಡಿ, ಗಂಟಲು ಕೆರೆದು ಅಪ್ಪನ ದನಿ ತೆಗೆದೆ. "ಮೂಳೆ ತಪ್ಪು ನೋಡಿದೆ ಮಗನೇ. ಜೊಂಡಿಗೆ ಹೊರಡು."

ಅಣ್ಣ ಬಟ್ಟಲಿನ ಚಹಾ ಆರಿಸಿಕೊಳ್ಳುತ್ತ ನನ್ನನ್ನು ಕನಿಕರದಿಂದ ನೋಡಿದ. "ಇದು ನೀನು."

"ಹೇಗೆ ಗೊತ್ತು?"

"ಅಪ್ಪ ಎರಡು ಸಲ ಹೇಳಲ್ಲ." ಬಟ್ಟಲು ನನ್ನ ಕಡೆ ಸರಿಸಿದ. "ನಿನ್ನ ಅತ್ತಿಗೆ ಕಳಿಸಿದ್ಲಾ? ಪಾಪ. ಕುಡಿ, ಹಾಲು ನಿಜವಾಗ್ಲೂ ಹಾಕಿದೀನಿ."

ನಾನು ಆಣೆ ಮಾಡಿದೆ, ಗೋಗರೆದೆ. ಮೊದಲನೆಯದು ಸುಳ್ಳು, ಎರಡನೆಯದು ನಿಜ ಅಂದೆ. ನಾನು ಬಾಯಿ ಬಿಟ್ಟಷ್ಟೂ ಮೊದಲನೆಯದು ಇನ್ನಷ್ಟು ನಿಜವಾಗುತ್ತ ಹೋಯಿತು. ತಲೆಯ ಮೇಲೆ ತೊಲೆಯ ಸಂದಿಯಲ್ಲಿ ಬಟ್ಟೆಯ ಗಂಟು ಕಾಣುತ್ತಿತ್ತು.

ನವೆಂಬರ್ ತುಂಬಾ ಬೆಚ್ಚಗೆ ಕಳೆಯಿತು. ಅಣ್ಣ ಫೋನ್ ಮಾಡಿ, "ನಿಮ್ಮ ಕಚೇರಿಗೆ ಹೇಳು, ನನ್ನ ಟೋಪಿ ಬೆವರ್ತಾ ಇದೆ" ಅನ್ನುತ್ತಿದ್ದ. ಅತ್ತಿಗೆ ಪ್ರತಿ ಸೋಮವಾರ ಅದೇ ಹಾಳೆ ಬರೆಯುತ್ತಿದ್ದಳು, ನಾನು ಅದನ್ನೇ ಓದುತ್ತಿದ್ದೆ.

ಡಿಸೆಂಬರ್‌ನಲ್ಲಿ ಮೊಣಕಾಲೆತ್ತರ ಹಿಮ ಬಿತ್ತು. ಅದರ ಮೇಲೆ ಒಂದು ಮಧ್ಯಾಹ್ನ ಮಳೆ ಬಂತು. ಮಳೆಯ ಸದ್ದು ಕೇಳಿ ಅತ್ತಿಗೆ ಕಚೇರಿಯಿಂದ ಕೋಟಿಲ್ಲದೆ ಹೊರಗೆ ಬಂದು ಅಂಗೈ ಚಾಚಿ ನಿಂತದ್ದನ್ನು ನಾನು ಎದುರಿನ ಕಿಟಕಿಯಿಂದ ನೋಡಿದೆ. ಮರುದಿನ ಸಂಜೆಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ. ಮಳೆಯೆಲ್ಲ ಗಾಜಾಯಿತು. ಇದಕ್ಕೆ ನಾವು ಜುತ್ ಅನ್ನುತ್ತೇವೆ. ಗಾಜಿನಡಿಯಲ್ಲಿ ಹುಲ್ಲು ಕಾಣುತ್ತಿರುತ್ತದೆ, ಕುರಿ ಕಾಲಲ್ಲಿ ಕೆರೆದು ಕೆರೆದು ಗೊರಸಿನಿಂದ ರಕ್ತ ಬರುತ್ತದೆ, ಆಮೇಲೆ ಒಂದರ ಉಣ್ಣೆಯನ್ನು ಇನ್ನೊಂದು ತಿನ್ನಲು ಶುರುಮಾಡುತ್ತದೆ.

ಐದನೆಯ ದಿನ ಅಣ್ಣ ಫೋನಿನಲ್ಲಿ, "ಒಂಟೆಗೂನು ದಿಣ್ಣೆ ಹಿಂದೆ ಗಾಳಿ ಹಿಮ ಹಾರಿಸಿರಬಹುದು, ಹೊಡ್ಕೊಂಡು ಹೋಗ್ತೀನಿ" ಅಂದ. ಆಮೇಲೆ ಎರಡು ದಿನ ಫೋನ್ ಹತ್ತಲಿಲ್ಲ. ಅತ್ತಿಗೆ ಪಕ್ಕದ ಬಿಡಾರದವರ ಟ್ರ್ಯಾಕ್ಟರ್ ತಂದಳು, ಅವಳೇ ಓಡಿಸಿದಳು. ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಕುರಿ ಬಿದ್ದಿತ್ತು. ನಾವು ಆ ಗುರುತನ್ನೇ ಹಿಡಿದು ಹೋದೆವು.

ದಿಣ್ಣೆ ತಲುಪಿದಾಗ ನಡುಹಗಲು, ಆದರೆ ಹಿಮ ಎದ್ದು ಟ್ರ್ಯಾಕ್ಟರಿನ ಮೂತಿಯೇ ಕಾಣುತ್ತಿರಲಿಲ್ಲ. ಅತ್ತಿಗೆ ಎಂಜಿನ್ ಆರಿಸಿದಳು.

"ಕರಿ."

"ಅತ್ತಿಗೆ, ನಾನು ಕರೆದ್ರೆ ಕುರಿ ಬಿಟ್ಟು ಬರ್ತಾನಾ ಅವನು?"

"ನೀನು ಕರೆದ್ರೆ ಬರಲ್ಲ."

ಅರ್ಥವಾಯಿತು. ಅವಳು ನನ್ನ ತೋಳು ಹಿಡಿದುಕೊಂಡಳು. "ಒಂದೇ ಸಲ. ಎರಡನೇದು ಕೂಗಿದ್ರೆ ನೀನು ಅಂತ ಗೊತ್ತಾಗತ್ತೆ. ಗಾಳಿ ಇಳಿಯೋವರೆಗೂ ಕಾಯಿ."

ಕಾದೆ. ಗಾಳಿ ಉಸಿರೆಳೆದುಕೊಳ್ಳುವ ಒಂದು ಸಂದಿ ಸಿಕ್ಕಿತು. ಬಾಗಿಲು ತೆರೆದು, ಗಂಟಲು ಕೆರೆದು, ಚಿಕ್ಕಂದಿನಲ್ಲಿ ಅಪ್ಪ ಊಟಕ್ಕೆ ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದೆ. "ತಾಸ್‌ಬುಲಾತ್, ಮನೆಗೆ ಬಾ."

ಬಿಳುಪು ಅದನ್ನು ನುಂಗಿತು. ಇನ್ನೊಮ್ಮೆ ಕೂಗಲು ಬಾಯಿ ತೆರೆದೆ. ಅತ್ತಿಗೆಯ ಬೆರಳು ನನ್ನ ತೋಳಿನಲ್ಲಿ ಊರಿತು. ನಾನು ಹಲ್ಲು ಕಚ್ಚಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕಿಟಕಿಯ ಗಾಜಿನ ಮೇಲೆ ನಮ್ಮ ಉಸಿರು ದಪ್ಪಗೆ ಹೆಪ್ಪುಗಟ್ಟಿತ್ತು. ಆಮೇಲೆ ಮುಂಭಾಗದಲ್ಲಿ ಏನೋ ಕಪ್ಪಗೆ ಅಲ್ಲಾಡಿತು. ಅಣ್ಣ. ಒಂದು ಟಗರಿನ ಕೊಂಬು ಹಿಡಿದಿದ್ದ. ಹಿಂದೆ ಹತ್ತೋ ಹನ್ನೊಂದೋ ಕುರಿ.

ಅವನನ್ನು ನಡುವೆ ಕೂರಿಸಿಕೊಂಡು ಕಂಬಳಿ ಸುತ್ತಿದೆವು. ಬಾಯಿಗೆ ಚಹಾ ಹಿಡಿದಾಗ ಅರ್ಧ ಗಡ್ಡಕ್ಕೆ ಹೋಯಿತು.

"ಮೊದಲನೇ ಸಲ ಕೂಗಿದಾಗ ನೀನು ಅಂತ ಗೊತ್ತಾಯ್ತು," ಅಂದ. "ಚೆನ್ನಾಗಿತ್ತು. ಆದ್ರೂ ನೀನು. ಅಲ್ಲೇ ಇರಿ ಅಂತ ಅಪ್ಪ ಹೇಳಿದ್ನಲ್ಲ, ಕುರಿ ಮಧ್ಯೆ ಮಲಗಿದ್ದವನು ಏಳಲಿಲ್ಲ."

"ಮತ್ತೆ?"

"ಎರಡನೇದು ಪಕ್ಕದಲ್ಲೇ ಕೂಗಿದ. ಕಿವಿ ಹತ್ರ." ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ಅಪ್ಪ ಎರಡು ಸಲ ಹೇಳಲ್ಲ. ಹೇಳಿದ ಅಂದ್ರೆ ಮೊದಲು ಹೇಳಿದ್ದು ರದ್ದು. ಅದಕ್ಕೇ ಬಿಟ್ಟು ಬಂದೆ."

ನಾನು ಅತ್ತಿಗೆಯ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ. ನನ್ನ ತೋಳಿನಲ್ಲಿ ಅವಳ ಬೆರಳು ಊರಿದ ಜಾಗ ಇನ್ನೂ ನೋಯುತ್ತಿತ್ತು. ಅವಳು ಎಂಜಿನ್ ಚಾಲೂ ಮಾಡಿ, ಗೇರಿನ ಮೇಲೆ ಕೈಯಿಟ್ಟು, ಮುಂದಿನ ಬಿಳುಪನ್ನೇ ನೋಡುತ್ತ ತುಂಬ ಮೆಲ್ಲಗೆ, "ಮುಖಿತ್ ಮಾವ" ಅಂದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಗಾಳಿ ನಿಂತ ಮೇಲೆ ಹೋಗಿ ನೋಡಿದೆವು. ಕುರಿಗಳು ದಿಣ್ಣೆಯ ಕೆಳಗೆ ಒಂದಕ್ಕೊಂದು ಒರಗಿ ನಿಂತೇ ಇದ್ದವು, ಬಹುಪಾಲು ಸತ್ತು. ನಡುವೆ ಸಿಕ್ಕಿಕೊಂಡವು ಮಾತ್ರ ಉಸಿರಾಡುತ್ತಿದ್ದವು. ಬದುಕುಳಿದದ್ದು ಎಲ್ಲ ಸೇರಿ ಇನ್ನೂರರ ಸುಮಾರು. "ಲೆಕ್ಕ ಹಾಕಬೇಡ" ಅಂದ ಅಣ್ಣ, ಹಿಮ ಕಚ್ಚಿದ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು. ಎರಡು ಬೆರಳು ಆಮೇಲೆ ಹೋದವು. ಲೆಕ್ಕ ನಾನಾಗಲೇ ಹಾಕಿಬಿಟ್ಟಿದ್ದೆ. ಮೂರರಲ್ಲಿ ಎರಡು ಪಾಲು.

ಮುಂದಿನ ಅಕ್ಟೋಬರ್‌ನಲ್ಲಿ ಹೆಗಲಮೂಳೆ ಮತ್ತೆ ನನ್ನ ಕೈಗೆ ಬಂತು. ನಾನು ಅದನ್ನು ಅತ್ತಿಗೆಗೆ ದಾಟಿಸಿದೆ. ಅವಳು ಬೆಳಕಿಗೆ ಹಿಡಿಯದೆ ತಟ್ಟೆಯ ಅಂಚಿನಲ್ಲಿಟ್ಟು, ಸಾಗರ ಮತ್ತೆ ಬೆಚ್ಚಗಾಗುತ್ತಿದೆ, ಈ ಸಲ ಪರವಾಗಿಲ್ಲ ಅನಿಸುತ್ತದೆ ಅಂದಳು. "ಎಷ್ಟು ಗಟ್ಟಿ?" ಅಂತ ಅಣ್ಣ ಕೇಳಲಿಲ್ಲ. ನಾಳೆಯೇ ಜೊಂಡಿಗೆ ಹೊರಡುತ್ತೇನೆ ಅಂದ.

ಯಾರ ದನಿಯನ್ನೂ ನಾನೀಗ ತೆಗೆಯುವುದಿಲ್ಲ. ಹವಾಮಾನ ಓದುವ ಮುಂಚೆ ಗಂಟಲು ಕೆರೆಯುವುದನ್ನೂ ಬಿಟ್ಟಿದ್ದೇನೆ. ಆದರೆ ಧ್ವನಿಮುದ್ರಣ ಹಾಕಿಕೊಂಡು ಕೇಳಿದರೆ, ನನ್ನ ಮೊದಲ ಪದಕ್ಕೂ ಮುಂಚೆ ಯಾರೋ ಗಂಟಲು ಕೆರೆಯುವುದು ಕೇಳಿಸುತ್ತದೆ. ತಿರುಗಿಸಿ ಇನ್ನೊಮ್ಮೆ ಹಾಕಿದರೆ ಕೇಳಿಸುವುದಿಲ್ಲ.