ಮೊದಲು ಮಾತಾಡಿದವಳು

ಗೊರಾಟಾ ಕಾರಿನಿಂದ ಇಳಿಯುವ ಹೊತ್ತಿಗೆ ರಾ ಓಟೆಂಗ್ ಒಂದು ಕರುವಿನ ಕಿವಿಯಿಂದ ಉಣುಗು ಕೀಳುತ್ತಿದ್ದರು. ತಲೆಯೆತ್ತಿ ನೋಡಿದರು, ಎದ್ದರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನಲವತ್ತು ಕಿಲೋಮೀಟರ್ ಮರಳುದಾರಿಯುದ್ದಕ್ಕೂ ಅವಳು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಷ್ಟಕ್ಕೇ ಮರೆತುಹೋಯಿತು.

"ಚೆನ್ನಾಗಿದೀರಾ, ಮೇಡಂ?"

"ಚೆನ್ನಾಗಿದೀನಿ ಅಪ್ಪ. ನೀವು?"

"ದನ ಚೆನ್ನಾಗಿದ್ರೆ ನಾನೂ ಚೆನ್ನಾಗೇ ಇರ್ತೀನಿ. ಬನ್ನಿ, ನೆರಳಿಗೆ ಬನ್ನಿ. ಆ ಕಾರು ಮರಳಲ್ಲಿ ಹೂತ್ಕೊಳ್ಳದೆ ಇಲ್ಲೀತನಕ ಬಂತಲ್ಲ, ಅದೇ ದೊಡ್ಡದು."

ರಾ ಓಟೆಂಗ್, ಅಂದರೆ ಓಟೆಂಗನ ಅಪ್ಪ, ಮೂವತ್ತೊಂದು ವರ್ಷ ಊರಿನ ಆಸ್ಪತ್ರೆಯ ಫೈಲು ಕೋಣೆಯನ್ನು ನೋಡಿಕೊಂಡವರು. ಅಲ್ಲಿ ಫೈಲುಗಳನ್ನು ಇಟ್ಟಿದ್ದದ್ದು ಕೇರಿಯ ಪ್ರಕಾರ. ಕಿಟಕಿಗೆ ಬಂದ ಮುದುಕಿ ಚೀಟಿ ತಂದಿರಲಿ ಬಿಡಲಿ, ಯಾರ ಮಗಳು, ಯಾವ ಕೇರಿ ಎಂದು ಕೇಳುವರು. ಅವಳು ಅಪ್ಪ, ಅಜ್ಜ, ತಮ್ಮ ಕುಲದ ಮೃಗ ಮೊಸಳೆಯೋ ಆನೆಯೋ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಫೈಲು ಮೇಜಿನ ಮೇಲೆ ಬಂದಿರುತ್ತಿತ್ತು. ರಾಜಧಾನಿ ಗಾಬೊರೋನ್‌ನಿಂದ ಹೊಸ ಆಡಳಿತಾಧಿಕಾರಿಯಾಗಿ ಬಂದ ಗೊರಾಟಾಳಿಗೆ ಇದನ್ನು ಕಂಡು ನಗು ಬಂತು. ಆಮೇಲೆ ದಿಗಿಲೂ ಆಯಿತು. ಈ ಮನುಷ್ಯ ನಾಳೆ ಜ್ವರ ಬಂದು ಮಲಗಿದರೆ ಗತಿಯೇನು? ಎಲ್ಲವನ್ನೂ ಗುರುತಿನ ಚೀಟಿಯ ನಂಬರಿನ ಪ್ರಕಾರ ಜೋಡಿಸಿ ಕಂಪ್ಯೂಟರಿಗೆ ಹಾಕಬೇಕೆಂದು ತೀರ್ಮಾನಿಸಿದಳು. ಆ ತೀರ್ಮಾನವನ್ನು ಈಗಲೂ ಯಾರೂ ತಪ್ಪು ಅನ್ನುವುದಿಲ್ಲ.

ತಪ್ಪಾದದ್ದು ಸಭೆಯಲ್ಲಿ. ಬದಲಾವಣೆ ತರುವಾಗ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದಕ್ಕೇ ಊರ ಕಟ್ಟೆಯಲ್ಲಿ ಕೂರುವ ಹಾಗೆ ಆಸ್ಪತ್ರೆಯ ಅಂಗಳದಲ್ಲಿ, ಮರೂಲಾ ಮರದ ಕೆಳಗೆ, ಅರ್ಧಚಂದ್ರದಂತೆ ಕುರ್ಚಿ ಹಾಕಿಸಿದಳು. ಕಸ ಗುಡಿಸುವವರಿಂದ ಹಿಡಿದು ಡಾಕ್ಟರರ ತನಕ ಎಲ್ಲರನ್ನೂ ಕರೆದಳು. ಕರೆದು, ಎದ್ದು ನಿಂತು, ತಾನೇ ಮೊದಲು ಮುಕ್ಕಾಲು ಗಂಟೆ ಮಾತಾಡಿದಳು.

ಕಟ್ಟೆಯಲ್ಲಿ ಮುಖ್ಯಸ್ಥ ಮಾತಾಡುವುದು ಎಲ್ಲರದೂ ಮುಗಿದ ಮೇಲೆ. ಅವನು ಬಾಯಿ ತೆರೆದನೆಂದರೆ ಇನ್ನು ಯಾರೂ ಆಡುವುದಿಲ್ಲ. ಇದು ಗೊರಾಟಾಳಿಗೆ ಗೊತ್ತಿಲ್ಲದ್ದೇ? ಅಜ್ಜನ ಪಕ್ಕದಲ್ಲಿ ಕಟ್ಟೆಯಲ್ಲಿ ಕೂತು ಬೆಳೆದವಳು. ಆದರೆ ಅವತ್ತು ಕೈಯಲ್ಲಿ ಅಚ್ಚುಕಟ್ಟಾದ ಕಾಗದಗಳಿದ್ದವು, ತಲೆ ಅದರಲ್ಲೇ ಮುಳುಗಿತ್ತು. ಕೊನೆಗೆ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಳು. ಎಲ್ಲರೂ ರಾ ಓಟೆಂಗ್ ಕಡೆ ನೋಡಿದರು. ಅವರು ಟೋಪಿ ತೆಗೆದು, "ಮೇಡಂ ಹೇಳಿ ಆದ್ಮೇಲೆ ನಮ್ದೇನಿದೆ. ಕೇಳಿಸ್ಕೊಂಡಿದೀವಿ" ಎಂದರು. ಅದನ್ನು ಅವಳು ಒಪ್ಪಿಗೆ ಎಂದು ಬರೆದುಕೊಂಡಳು.

ಮೂರು ತಿಂಗಳಲ್ಲಿ ಹಳೆಯ ಕಪಾಟುಗಳು ಖಾಲಿಯಾದವು. ರಾ ಓಟೆಂಗ್ ಅವಧಿಗೆ ಮೊದಲೇ ನಿವೃತ್ತಿ ಬರೆದುಕೊಟ್ಟು ಈ ದನದ ಹಟ್ಟಿಗೆ ಬಂದುಬಿಟ್ಟರು. ಹಳೆಯ ರೋಗಿಗಳಲ್ಲಿ ಕೆಲವರಿಗೆ ಗುರುತಿನ ಚೀಟಿಯಲ್ಲಿ ಒಂದು ಹೆಸರು, ಫೈಲಿನಲ್ಲಿ ಮನೆಯವರು ಕರೆಯುವ ಇನ್ನೊಂದು ಹೆಸರು ಇದೆಯೆಂದು ತಿಳಿದದ್ದು ಆಮೇಲೆ. ನಲವತ್ತಮೂರು ಫೈಲುಗಳಿಗೆ ನಂಬರೇ ಹೊಂದಲಿಲ್ಲ. ಆ ಜನ ಬಿ.ಪಿ. ಮಾತ್ರೆಗೆಂದು ಕಿಟಕಿಗೆ ಬಂದಾಗ, ಫೈಲು ಸಿಗುತ್ತಿಲ್ಲ, ಮುಂದಿನ ವಾರ ಬನ್ನಿ ಎಂದು ಹೇಳಿ ಕಳಿಸಲಾಯಿತು. ಒಂದೆರಡು ಸಲ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಯಾರೂ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಅವಳಿಗೆ ಆರು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ಈಗ ಆ ಹೆಸರುಗಳ ಪಟ್ಟಿಯನ್ನು ಅವಳು ಮುಂದಿಟ್ಟಳು. "ಅಪ್ಪ, ಇವರನ್ನೆಲ್ಲ ಮನೆಗೇ ಹೋಗಿ ಹುಡುಕ್ಬೇಕು. ಯಾವ ಕೇರಿಯೋರು ಅಂತ ನಿಮಗೆ ಮಾತ್ರ ಗೊತ್ತು. ನೀವು ವಾಪಸ್ ಬಂದ್ರೆ ಇನ್ನೂ ಒಳ್ಳೇದು."

"ಯಾಕೆ, ಕಂಪ್ಯೂಟರಿಗೆ ಹುಷಾರಿಲ್ವಾ?"

"ಅದು ಹುಷಾರಾಗಿದೆ. ಬುದ್ಧಿ ಇಲ್ದೋಳು ನಾನು."

"ಹಾಗೆಲ್ಲ ಅನ್ಬೇಡಿ ತಾಯಿ," ಎಂದು ಕನ್ನಡಕ ಹಾಕಿಕೊಂಡರು. ಪೆನ್ಸಿಲ್ ಒಂದೊಂದೇ ಹೆಸರಿನ ಮುಂದೆ ಓಡತೊಡಗಿತು. "ಇವಳು ಚರ್ಚಿನ ಹಿಂದಿನ ಕೇರಿ. ಈ ಮುದುಕ ಪಕ್ಕಾ ಕಳ್ಳ. ಫೈಲು ಅವನದು, ಕಾಯಿಲೆ ಹೆಂಡ್ತೀದು. ಅವಳಿಗೆ ಬರೋಕೆ ನಾಚಿಕೆ, ಇವನು ಮಾತ್ರೆ ಇಸ್ಕೊಂಡು ಹೋಗ್ತಿದ್ದ."

ಗೊರಾಟಾ ನಗಬೇಕೆಂದಿದ್ದಳು, ಆಗಲಿಲ್ಲ. "ಅವತ್ತು ಸಭೇಲೇ ಹೇಳ್ಬಹುದಾಗಿತ್ತಲ್ಲ ಅಪ್ಪ. ನಾನು ಕೇಳಿದ್ನಲ್ಲ."

"ಕೇಳಿದ್ರಿ. ಎಲ್ಲಾ ಹೇಳಿ ಮುಗಿಸಿ ಕೇಳಿದ್ರಿ." ಪೆನ್ಸಿಲ್ ನಿಂತಿತು. "ಆದ್ರೂ ನಾನು ಹೇಳ್ಬೇಕಾಗಿತ್ತು. ನಂಗೆ ಬಿಗುಮಾನ. ಈ ಹುಡುಗಿ ಒಂದ್ಸಲ ಮುಗ್ಗರಿಸ್ಲಿ, ಆಗ ನನ್ನ ಹತ್ರಾನೇ ಬರ್ತಾಳೆ ಅಂದ್ಕೊಂಡೆ. ಬಿದ್ದು ಏಟು ತಿಂದೋರು ನೀವೂ ಅಲ್ಲ, ನಾನೂ ಅಲ್ಲ."

ಪಟ್ಟಿ ವಾಪಸು ಕೈಗೆ ಬಂದಾಗ ಒಂದು ಹೆಸರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.

"ಈ ಸೆಗಾಮೆಟ್ಸಿ ಅನ್ನೋರು?"

"ಆ ಒಬ್ಬಳನ್ನ ಹುಡುಕೋದು ಬೇಡ ತಾಯಿ."

ತೀರಿಕೊಂಡಿರಬೇಕು ಎಂದುಕೊಂಡು ಗೊರಾಟಾ ತಲೆ ತಗ್ಗಿಸಿದಳು. ಆಮೇಲೆ ಅವರು ವಾಪಸು ಬರುವ ಮಾತನ್ನು ಮತ್ತೆ ಎತ್ತಿದಳು.

"ಆಗಲ್ಲ. ಮನೇಲಿ ತಂಗೀನ ಬಿಟ್ಟು ಬರೋಕಾಗಲ್ಲ," ಎಂದು ಅವರು ಗುಡಿಸಲಿನ ಕಡೆ ತಿರುಗಿದರು. "ಸೆಗಾಮೆಟ್ಸೀ, ಒಂಚೂರು ಮೊಸರು ತಾಮ್ಮ."

ಕಾಲು ಎಳೆದುಕೊಂಡು ಬಂದ ಹೆಂಗಸಿನ ಬಾಯಿ ಒಂದು ಪಕ್ಕಕ್ಕೆ ಇಳಿದಿತ್ತು. ಬಲಗೈಯಲ್ಲಿ ಕೊಟ್ಟು, ಎಡಗೈಯನ್ನು ಆ ತೋಳಿಗೆ ತಾಗಿಸುವುದು ಇಲ್ಲಿನ ಮರ್ಯಾದೆ. ಬೋಗುಣಿ ಅವಳ ಎಡಗೈಯಲ್ಲಿತ್ತು.

"ಎಡಗೈಲಿ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡ ಮಗಳೇ. ಬಲಗೈ ಚಳಿಗಾಲದಿಂದ ಏಳ್ತಾ ಇಲ್ಲ. ನೀನು ಎಲ್ಲಿಂದ ಬಂದೆ?"

"ಆಸ್ಪತ್ರೆಯಿಂದ, ಅಮ್ಮ."

"ಅಲ್ಲಿಂದಾನಾ? ಅಲ್ಲಿಗೆ ನಾನೂ ಎರಡು ಸಲ ಹೋಗಿದ್ದೆ. ಅವರ ಪುಸ್ತಕದಲ್ಲಿ ನಾನು ಇಲ್ವೇ ಇಲ್ವಂತೆ." ಅರ್ಧ ಬಾಯಿಯಲ್ಲೇ ನಕ್ಕಳು. "ಕುಡಿ, ಕುಡಿ. ದೂರದಿಂದ ಬಂದಿದೀಯ."

ಗೊರಾಟಾ ಎರಡೂ ಕೈ ಚಾಚಿ ಬೋಗುಣಿ ತೆಗೆದುಕೊಂಡಳು. ಅವಳು ಕುಡಿದು ಮುಗಿಸುವ ತನಕ ಸೆಗಾಮೆಟ್ಸಿ ಅಲ್ಲೇ ನಿಂತಿದ್ದಳು, ಖಾಲಿ ಬೋಗುಣಿಗಾಗಿ ಎಡಗೈ ಮುಂದೆ ಹಿಡಿದುಕೊಂಡು.