ಟೇಪು ಕುಗ್ಗಿದ ಮನೆ

ಸೀನಿದ ರಭಸಕ್ಕೇ ಕೈ ಮುರಿದುಕೊಂಡವಳು ಲೋಕದಲ್ಲಿ ಒಬ್ಬಳೇ, ಅವಳೂ ನಮ್ಮ ಬೀದಿಯವಳೇ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ಸೀನಿದ್ದು ನಿಜ, ಮುರಿದದ್ದೂ ನಿಜ. ನಡುವೆ ಒಂದು ಗಿಡ್ಡ ಸ್ಟೂಲು ಇತ್ತು, ಅದರ ಮೇಲಿಂದ ನೆಲಕ್ಕೆ ಕೈಯೂರಿ ಬಿದ್ದಳು. ಆದರೂ ಅಷ್ಟೆತ್ತರದಿಂದ ಬೆಕ್ಕು ಬಿದ್ದಿದ್ದರೆ ಆಕಳಿಸಿಕೊಂಡು ಹೋಗುತ್ತಿತ್ತು.

ಹುಡುಗಿಗೆ ಇಪ್ಪತ್ತು ದಾಟಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಅಂತ. ಅಮ್ಮ ಟೈಲರು, ಬಟ್ಟೆ ಅಂಗಡಿಗೆ ಫ್ರಾಕು ಹೊಲಿದುಕೊಡುವವಳು. ತೊಡಿಸಿ ನೋಡಲು ಬೇರೆಯವರು ಮರದ ಬೊಂಬೆ ಇಟ್ಟುಕೊಂಡರೆ ಇವಳು ಮಗಳನ್ನೇ ಇಟ್ಟುಕೊಂಡಿದ್ದಳು. ಪಿನ್ನು ಚುಚ್ಚಿದರೆ ಮರ ಅಯ್ಯೋ ಅನ್ನುವುದಿಲ್ಲ, ಬಿಗಿಯಾಯಿತೆಂದು ತಿಳಿಯುವುದು ಹೇಗೆ ಎಂಬುದು ಅವಳ ವಾದ. ಹಾಗಾಗಿ ಹದಿನೈದನೇ ವಯಸ್ಸಿಗೆ ಕಡ್ಡಿಯ ಮೈಗೆ ಬಂದ ಅಳತೆಯೇ ಅಂಗಡಿಯ ಅಳತೆಯಾಗಿ ನಿಂತುಬಿಟ್ಟಿತು. ಹಾಲು ಕೇಳಿದರೆ ಸೊಂಟ ಕೆಡುತ್ತದೆ, ಮೊಟ್ಟೆ ಕೇಳಿದರೆ ತೋಳು ಕೆಡುತ್ತದೆ. ಸೌತೆಕಾಯಿ ಹೋಳು, ಹಾಲಿಲ್ಲದ ಚಹಾ, ಆಮೇಲೆ ಹೊಟ್ಟೆಗೆ ತಣ್ಣೀರು ಬಟ್ಟೆ. ಆ ಮನೆಯಲ್ಲಿ ಬಟ್ಟೆಗೇನು ಬರವೇ?

ಡಾಕ್ಟರು ಮೂಳೆ ಪರೀಕ್ಷೆ ಮಾಡಿಸಿ ತಲೆ ಕೆರೆದುಕೊಂಡರು. ಬೆಳೆಯುವ ವಯಸ್ಸಿನಲ್ಲಿ ಉಂಡದ್ದೇ ಮೂಳೆಯಲ್ಲಿ ಗಟ್ಟಿಯಾಗಿ ಕೂರುವುದು, ಇವಳಿಗೆ ಅದು ಕೂತೇ ಇಲ್ಲ ಎಂದರು. ಇನ್ನೂ ಕೆಲವು ವರ್ಷ ಸಮಯವಿದೆ. ಉಣ್ಣಲಿ, ನಡೆಯಲಿ, ಕೈ ಕೂಡಿದ ಮೇಲೆ ಭಾರ ಎತ್ತಲಿ. ಕಡ್ಡಿಗೆ ಒಂದೇ ಚಿಂತೆ: ಈ ಮಣಿಕಟ್ಟಿನಲ್ಲಿ ಅಮ್ಮನ ದೊಡ್ಡ ಕತ್ತರಿ ಎತ್ತುವುದು ಹೇಗೆ? ಬೊಂಬೆಯಾಗಿ ನಿಲ್ಲುವುದು ಸಾಕಾಗಿತ್ತು. ಅವಳಿಗೆ ಬಟ್ಟೆ ಕತ್ತರಿಸುವ ಆಸೆ.

ಡಾಕ್ಟರೇನು ಫ್ರಾಕು ಹೊಲಿಯುತ್ತಾರೆಯೇ ಎಂದು ಅಮ್ಮ ಮೂಗು ಮುರಿದಳು. ಅಜ್ಜಿ ಮಾತ್ರ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೊಮ್ಮಗಳಿಗೆ ಹಾಲು, ಮೊಟ್ಟೆ, ಕಾಳು, ಸೊಪ್ಪು ತಿನ್ನಿಸತೊಡಗಿದಳು. ಕೈ ಕೂಡಿದ ಮೇಲೆ, ಗಿಡಕ್ಕೆ ನೀರು ಅನ್ನುವ ನೆಪದಲ್ಲಿ ಬಕೆಟ್ಟು ಹೊರಿಸಿ ಮಹಡಿ ಹತ್ತಿಸಿದಳು. ಗಿಡಗಳು ಕೊಳೆತುಹೋದವು, ಹುಡುಗಿ ಚಿಗುರಿದಳು.

ಅಮ್ಮ ಅಳತೆ ಹಿಡಿದಳು. ಟೇಪು ಹಳೆಯ ಅಂಕಿಗೆ ಸುತ್ತಿಬರಲಿಲ್ಲ. ನೀರಲ್ಲಿ ನೆನೆದು ಕುಗ್ಗಿದೆ ಎಂದು ಹೊಸದು ತಂದಳು. ಅದೂ ಕುಗ್ಗಿತು. ಟೇಪು ಮಾರುವವನ ವಂಶವನ್ನೇ ಜಾಲಾಡಿ ಬೇರೆ ಬೀದಿಯಿಂದ ಮತ್ತೊಂದು ತಂದಳು. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಕೊನೆಗೆ ಅಂಗಡಿಯವನು ಫ್ರಾಕು ಒಯ್ಯಲು ಬಂದು ಹೊರಗೆ ಕೂತ. ಒಳಗೆ ಕಡ್ಡಿಯ ಬೆನ್ನಿನ ಹುಕ್ಕು ಕೂಡುತ್ತಿಲ್ಲ.

"ಉಸಿರು ಒಳಗೆಳ್ಕೊಳೇ," ಎಂದಳು ಅಮ್ಮ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ.

ಇಷ್ಟು ವರ್ಷ ಎಳೆದುಕೊಂಡವಳು ಅಂದು ಎಳೆದುಕೊಳ್ಳಲಿಲ್ಲ. ಮುರಿದು ಕೂಡಿದ ಕೈಯಲ್ಲೇ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿದಳು. ಗಾಳಿಯಲ್ಲೇ ಎರಡು ಸಲ ಕಚಕ್ ಎನ್ನಿಸಿದಳು.

"ಅಮ್ಮಾ, ಟೇಪು ಸರಿಯಾಗೇ ಇದೆ. ಬೆಳೆದಿರೋದು ನಾನು. ನೀನು ಮರದ ಬೊಂಬೆ ತಗೊಂಡ್ಬಾ, ಕತ್ತರಿ ನಾನು ಹಿಡೀತೀನಿ."

"ಟೇಪಿಗೆ ಎಂದೋ ಗೊತ್ತಾಗಿತ್ತು ಕಣೇ, ನಿನಗೇ ಲೇಟು," ಎಂದು ಅಜ್ಜಿ ಅಡುಗೆಮನೆಯಿಂದಲೇ ಅಮ್ಮನಿಗೆ ಹೇಳಿದಳು.

ಅಮ್ಮ ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದಿಟ್ಟಳು. ಕತ್ತರಿ ಹಿಡಿದ ಮಣಿಕಟ್ಟನ್ನೇ ನೋಡಿದಳು. ಹೊರಗೆ ಅಂಗಡಿಯವನು ಕೆಮ್ಮಿದ. ಅವಳು ಡ್ರಾಯರಿಗೆ ಕೈಹಾಕಿದಳು. ಅದರಲ್ಲಿ ಇದ್ದದ್ದು ಇನ್ನೊಂದು ಹೊಸ ಟೇಪು, ಬಿಗಿಯಾದ ಹೊಲಿಗೆ ಬಿಚ್ಚಿ ಸಡಿಲಿಸುವ ಕೊಕ್ಕೆ, ಎರಡೇ.

ಅಂದು ಮಧ್ಯಾಹ್ನ ಆ ಮನೆಯಲ್ಲಿ ಮೊಟ್ಟೆ ಸಾಲದೆ ಪಕ್ಕದ ಮನೆಯಿಂದ ತಂದರು, ಅಷ್ಟು ಹೇಳುತ್ತೇನೆ. ಅಮ್ಮನ ಕೈಗೆ ಬಂದದ್ದು ಟೇಪೋ ಕೊಕ್ಕೆಯೋ, ನೀವೇ ಹೇಳಿ ನೋಡೋಣ.